ಒರಟುತನದ ಸಂಖ್ಯೆಯನ್ನು ಓದುವುದು ಹೇಗೆ: ದಂತ ಇಂಪ್ಲಾಂಟ್ ಮೇಲ್ಮೈ ಕುರಿತ ಅಧ್ಯಯನ ಟಿಪ್ಪಣಿ

ದಂತ ಇಂಪ್ಲಾಂಟ್ ಎಂದರೆ ಹೋದ ಹಲ್ಲಿನ ಬದಲಿಗೆ ದವಡೆಯ ಮೂಳೆಯಲ್ಲಿ ಕೂರಿಸುವ ಟೈಟೇನಿಯಂ ತಿರುಪು. ಮೂಳೆ ಅದನ್ನು ಬಿಗಿಯಾಗಿ ಹಿಡಿಯಬೇಕಾದರೆ ಇಂಪ್ಲಾಂಟಿನ ಮೇಲ್ಮೈ ಸ್ವಲ್ಪ ಒರಟಾಗಿರಬೇಕು. ಸರಾಸರಿ ಒರಟುತನ 1ರಿಂದ 2 ಮೈಕ್ರೊಮೀಟರ್ (ಮೈಕ್ರೊಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಇದ್ದರೆ ಹಿಡಿತ ಚೆನ್ನಾಗಿರುತ್ತದೆ ಎಂಬುದು ಈಗ ಸಾಮಾನ್ಯವಾಗಿ ಒಪ್ಪಿರುವ ಮಾತು. ಅದಕ್ಕಾಗಿಯೇ ತಿರುಪಿನ ಭಾಗಕ್ಕೆ ಗಟ್ಟಿ ಕಣಗಳನ್ನು ರಭಸದಿಂದ ಹೊಡೆದು, ಆಮೇಲೆ ಆಮ್ಲದಿಂದ ಕೊರೆಯುತ್ತಾರೆ. ತೊಡಕು ಇಲ್ಲೇ ಇದೆ: ಬಾಯಿಯ ಬಹುಪಾಲು ಬ್ಯಾಕ್ಟೀರಿಯಾಗಳ ಅಗಲವೂ ಸರಿಸುಮಾರು 1 ಮೈಕ್ರೊಮೀಟರ್. ಮೂಳೆಗೆ ಒಗ್ಗುವ ಕುಳಿ ಅವುಗಳಿಗೂ ಒಗ್ಗುತ್ತದೆ.

1987ರಲ್ಲಿ ಮೂಳೆ ಶಸ್ತ್ರವೈದ್ಯ ಆಂಥನಿ ಗ್ರಿಸ್ಟಿನಾ ಇದನ್ನು ಮೇಲ್ಮೈಗಾಗಿ ನಡೆಯುವ ಓಟ ಎಂದು ವರ್ಣಿಸಿದರು. ದೇಹದ ಕೋಶಗಳು ಮೊದಲು ಬಂದು ನೆಲೆಸಿದರೆ ಇಂಪ್ಲಾಂಟ್ ಉಳಿಯುತ್ತದೆ. ಬ್ಯಾಕ್ಟೀರಿಯಾ ಮೊದಲು ಬಂದರೆ ಬಯೋಫಿಲ್ಮ್, ಅಂದರೆ ಬ್ಯಾಕ್ಟೀರಿಯಾಗಳ ಅಂಟು ಪದರ, ಕಟ್ಟಿಕೊಳ್ಳುತ್ತದೆ. ಹಾಗಾಗಿ ವಿನ್ಯಾಸಕಾರರು ಇಂಪ್ಲಾಂಟನ್ನು ಭಾಗ ಮಾಡಿ ನೋಡುತ್ತಾರೆ. ಮೂಳೆಯೊಳಗಿನ ತಿರುಪು ಒರಟು. ಒಸಡನ್ನು ಹಾದು ಬಾಯಿಗೆ ಬರುವ ಅಬಟ್‌ಮೆಂಟ್ ನುಣುಪು. ಯಾವುದೇ ಪ್ರಬಂಧ ಓದುವಾಗ ಯಾವ ಭಾಗದ ಬಗ್ಗೆ ಮಾತು ನಡೆದಿದೆ ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳಿ. ಇಂಪ್ಲಾಂಟಿನ ಸುತ್ತಲಿನ ಉರಿಯೂತದಿಂದ ಮೂಳೆ ಕರಗಿ ಒರಟು ತಿರುಪು ಹೊರಗೆ ಕಂಡುಬಿಟ್ಟರೆ ಈ ವಿಭಜನೆಯೂ ಕೈಕೊಡುತ್ತದೆ. ಪೆರಿ-ಇಂಪ್ಲಾಂಟೈಟಿಸ್ ಎಂಬ ಈ ಉರಿಯೂತ ಬಂದ ಮೇಲೆ ಇಂಪ್ಲಾಂಟನ್ನು ಶುಚಿಗೊಳಿಸುವುದು ಕಷ್ಟವಾಗಲು ಇದೊಂದು ಮುಖ್ಯ ಕಾರಣ.

0.2 ಮೈಕ್ರೊಮೀಟರ್ ಎಂಬ ಗಡಿ

ಒರಟುತನ 0.2 ಮೈಕ್ರೊಮೀಟರಿಗಿಂತ ಕೆಳಗಿಳಿದರೆ ಅಂಟುವ ಬ್ಯಾಕ್ಟೀರಿಯಾಗಳ ಪ್ರಮಾಣ ಮತ್ತೆ ಹೆಚ್ಚೇನೂ ಕಡಿಮೆಯಾಗುವುದಿಲ್ಲ ಎಂದು ಪಠ್ಯಗಳು ಹೇಳುತ್ತವೆ. ಮುಂದಿನ ಅಧ್ಯಾಯಕ್ಕೆ ಹೋದರೆ, ಅದಕ್ಕಿಂತಲೂ ಸೂಕ್ಷ್ಮವಾದ ನ್ಯಾನೊ ರಚನೆಗಳು ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ, ಕೊಲ್ಲುತ್ತವೆ ಎಂದಿರುತ್ತದೆ. ಎರಡೂ ಹೇಗೆ ನಿಜ? ಈ ಗಂಟು ಬಿಡಿಸದೆ ಮುಂದೆ ಓದಿ ಪ್ರಯೋಜನವಿಲ್ಲ; ಆದ್ದರಿಂದ ನಿಧಾನವಾಗಿ ನೋಡೋಣ.

ಸರಾಸರಿ ಒರಟುತನ ಎಂದರೆ ಮಧ್ಯರೇಖೆಯಿಂದ ಉಬ್ಬುತಗ್ಗುಗಳು ಎಷ್ಟು ದೂರ ಸರಿದಿವೆ ಎಂಬುದರ ಸರಾಸರಿ. ಅದು ಎತ್ತರವನ್ನಷ್ಟೇ ಅಳೆಯುತ್ತದೆ. ಅಗಲದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಒಂದೇ ಅಗಲದ ದಿಣ್ಣೆ ಮತ್ತು ಕಾಲುವೆಗಳು ಸಾಲಾಗಿರುವ ಮೇಲ್ಮೈಯನ್ನು ಊಹಿಸಿಕೊಳ್ಳಿ. ಕಾಲುವೆಯ ಆಳ 0.4 ಮೈಕ್ರೊಮೀಟರ್, ಗೋಡೆ ನೇರ. ಮಧ್ಯರೇಖೆಯಿಂದ ದಿಣ್ಣೆ 0.2 ಮೇಲೆ, ತಳ 0.2 ಕೆಳಗೆ, ಸರಾಸರಿ ಒರಟುತನ ಸರಿಯಾಗಿ 0.2. ಈಗ ಆಳವನ್ನು ಹಾಗೆಯೇ ಇಟ್ಟು ಅಗಲವನ್ನು ಮಾತ್ರ ಬದಲಿಸೋಣ. ಅಗಲ 10 ಮೈಕ್ರೊಮೀಟರ್ ಆದರೆ 1 ಮೈಕ್ರೊಮೀಟರಿನ ದುಂಡು ಬ್ಯಾಕ್ಟೀರಿಯಾಕ್ಕೆ ಕಾಲುವೆಯ ತಳ ಬಯಲೇ ಸರಿ. ಸಮತಟ್ಟಾದ ಜಾಗದಲ್ಲಿ ಅಂಟಿದಂತೆಯೇ ಅಂಟುತ್ತದೆ. ಅಗಲ 1 ಮೈಕ್ರೊಮೀಟರಿಗಿಂತ ತುಸು ಹೆಚ್ಚಿದ್ದರೆ ಅದು ಒಳಗೆ ಇಳಿದು ಕೂರುತ್ತದೆ. ತಳದ ಜೊತೆಗೆ ಗೋಡೆಗಳ ಆಸರೆಯೂ ಸಿಗುತ್ತದೆ, ಜೊಲ್ಲಿನ ಹರಿವಿನಿಂದ ರಕ್ಷಣೆಯೂ ಸಿಗುತ್ತದೆ. ಅಗಲ 0.1ಕ್ಕೆ ಇಳಿದರೆ ಒಳಹೋಗಲು ಜಾಗವೇ ಇಲ್ಲ. ದಿಣ್ಣೆಗಳ ತುದಿಯ ಮೇಲೆ ನಿಲ್ಲಬೇಕು. ಸ್ಪರ್ಶಕ್ಕೆ ಸಿಗುವುದು ಸುಮಾರು ಅರ್ಧದಷ್ಟು ಜಾಗ.

ಮೂರಕ್ಕೂ ಒರಟುತನ 0.2. ಬ್ಯಾಕ್ಟೀರಿಯಾದ ಪಾಲಿಗೆ ಮೂರೂ ಬೇರೆ ಬೇರೆ ಲೋಕ.

0.2ರ ಗಡಿ ಬಂದದ್ದು ಉಜ್ಜಿ ಹೊಳಪು ಕೊಟ್ಟ, ಸಾಮಾನ್ಯ ಗೀರುಗಳಿರುವ ಮೇಲ್ಮೈಗಳಿಂದ. ಅಲ್ಲಿ ಎತ್ತರ ತಗ್ಗಿದಂತೆ ಆಸರೆಯ ಕುಳಿಗಳು ಮುಗಿದುಹೋಗುತ್ತವೆ. ಆಮೇಲೆ ಎಷ್ಟು ಉಜ್ಜಿದರೂ ತೆಗೆಯಲು ಏನೂ ಉಳಿದಿರುವುದಿಲ್ಲ. ನ್ಯಾನೊ ರಚನೆಗಳಲ್ಲಿ ಕೆಲಸ ಮಾಡುವುದು ಅಂತರ ಮತ್ತು ಆಕಾರ. ಎರಡೂ ಹೇಳಿಕೆಗಳ ನಡುವೆ ಜಗಳವಿಲ್ಲ. ನನಗೆ ಅತ್ಯಂತ ಉಪಯೋಗಕ್ಕೆ ಬಂದ ಅಭ್ಯಾಸವೆಂದರೆ, ಪ್ರಬಂಧದಲ್ಲಿ ಸಿಗುವ ಪ್ರತಿ ಅಳತೆಯ ಪಕ್ಕದಲ್ಲಿ ಪೆನ್ಸಿಲಿನಿಂದ ‘1 ಮೈಕ್ರೊಮೀಟರ್’ ಎಂದು ಬರೆದು ಹೋಲಿಸುವುದು. ಎತ್ತರದ ಸಂಖ್ಯೆ ಇದ್ದು ಅಂತರದ ಸಂಖ್ಯೆ ಇಲ್ಲದಿದ್ದರೆ, ಆ ಮೇಲ್ಮೈಯ ಬಗ್ಗೆ ನಮಗೆ ತಿಳಿದಿರುವುದು ಅರ್ಧ ಮಾತ್ರ.

ಕೊಲ್ಲುವ ಮೇಲ್ಮೈಗಳು

ಸಿಕಾಡ ಕೀಟದ ರೆಕ್ಕೆಯ ಮೇಲೆ ಸುಮಾರು 200 ನ್ಯಾನೊಮೀಟರ್ (0.2 ಮೈಕ್ರೊಮೀಟರ್) ಎತ್ತರದ ಕಂಬಗಳು ಒತ್ತೊತ್ತಾಗಿ ನಿಂತಿರುತ್ತವೆ. ಅವು ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ ಎಂದು 2012ರಲ್ಲಿ ಪ್ರಕಟವಾಯಿತು. ರೆಕ್ಕೆಗೆ ತೆಳುವಾಗಿ ಚಿನ್ನ ಲೇಪಿಸಿ ರಸಾಯನವನ್ನು ಬದಲಿಸಿದರೂ ಅವು ಸತ್ತವು. ಅಂದರೆ ಕೊಂದದ್ದು ಆಕಾರ. ಇಷ್ಟು ಸರಳವಾದ ಪರೀಕ್ಷೆಯಿಂದ ಇಷ್ಟು ದೊಡ್ಡ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನನಗೆ ಇಡೀ ವಿಷಯದಲ್ಲೇ ಅತ್ಯಂತ ಸೊಗಸಾದ ಭಾಗ. ಇಂಪ್ಲಾಂಟಿಗೆ ಇದನ್ನು ತರುವಾಗ ಎರಡು ಅಡ್ಡಿಗಳಿವೆ. ಹಲ್ಲಿನ ಮೇಲ್ಮೈಗಳಿಗೆ ಮೊದಲು ಬಂದು ಅಂಟುವವು ಮುಖ್ಯವಾಗಿ ಸ್ಟ್ರೆಪ್ಟೊಕಾಕಸ್‌ಗಳು. ಸ್ಯೂಡೊಮೊನಾಸ್‌ಗಿಂತ ಭಿನ್ನವಾಗಿ ಅವು ಗ್ರಾಂ-ಧನ ಗುಂಪಿನವು, ಕೋಶಭಿತ್ತಿ ದಪ್ಪ, ಕಂಬಗಳ ಮೇಲೆ ಕೋಶ ಹಿಗ್ಗುವಾಗಿನ ಒತ್ತಡವನ್ನು ಹೆಚ್ಚು ತಾಳುತ್ತವೆ. ಎರಡನೆಯದು ಜೊಲ್ಲು. ಬಾಯಿಗೆ ಹೋದ ನಿಮಿಷಗಳಲ್ಲೇ ಅದರ ಪ್ರೊಟೀನುಗಳು ಪೆಲಿಕಲ್ ಎಂಬ ಪದರವಾಗಿ ಟೈಟೇನಿಯಮ್ಮನ್ನು ಮುಚ್ಚುತ್ತವೆ. ಜೊಲ್ಲಿಲ್ಲದೆ ನಡೆಸಿದ ಪ್ರಯೋಗವನ್ನು ಬಾಯಿಗೆ ನೇರವಾಗಿ ಅನ್ವಯಿಸುವಂತಿಲ್ಲ.

ಬೆಳ್ಳಿ ಅಯಾನು, ಪ್ರತಿಜೀವಕ ಮುಂತಾದವನ್ನು ಬಿಡುಗಡೆ ಮಾಡುವ ಲೇಪನಗಳು ಇನ್ನೊಂದು ದಾರಿ. ಫ್ಲೋರೈಡ್ ಇರುವ ದ್ರಾವಣದಲ್ಲಿ ಟೈಟೇನಿಯಮ್ಮಿಗೆ ವಿದ್ಯುತ್ ಹಾಯಿಸಿದರೆ ಆಕ್ಸೈಡಿನ ನ್ಯಾನೊ ಕೊಳವೆಗಳು ಬೆಳೆಯುತ್ತವೆ. ವೋಲ್ಟೇಜ್ ಹೆಚ್ಚಿಸಿದಂತೆ ಅವುಗಳ ವ್ಯಾಸ ಹೆಚ್ಚುತ್ತದೆ. ಅವುಗಳೊಳಗೆ ಔಷಧ ತುಂಬಬಹುದು, ಆದರೆ ತುಂಬಿದ್ದು ಒಂದು ದಿನ ಖಾಲಿಯಾಗುತ್ತದೆ. ಬೆಳ್ಳಿಯ ಪ್ರಮಾಣ ಹೆಚ್ಚಾದರೆ ಮೂಳೆಯ ಕೋಶಗಳಿಗೂ ಅಪಾಯ.

ಶೇಕಡಾವಾರು ಲೆಕ್ಕದಲ್ಲೂ ಎಚ್ಚರ ಬೇಕು. ಅಂಟಿದ 10 ಲಕ್ಷ ಬ್ಯಾಕ್ಟೀರಿಯಾಗಳಲ್ಲಿ ಶೇ 99ರಷ್ಟು ಸತ್ತರೂ 10 ಸಾವಿರ ಉಳಿಯುತ್ತವೆ. ಏಳು ಬಾರಿ ಇಮ್ಮಡಿಯಾದರೆ ಸಂಖ್ಯೆ ಮತ್ತೆ 10 ಲಕ್ಷ ದಾಟುತ್ತದೆ. ಸತ್ತ ಕೋಶಗಳು ಅಲ್ಲೇ ಉಳಿದರೆ ಹೊಸದಾಗಿ ಬರುವವುಗಳಿಗೆ ಅವೇ ನೆಲ.

ಅಭ್ಯಾಸಕ್ಕೆ: ಕಾಲುವೆಯ ಆಳ 1 ಮೈಕ್ರೊಮೀಟರ್, ದಿಣ್ಣೆ ಮತ್ತು ಕಾಲುವೆಯ ಅಗಲ ತಲಾ 0.3. ಸರಾಸರಿ ಒರಟುತನ 0.5 ಬರುತ್ತದೆ, ಗಡಿಯ ಎರಡೂವರೆ ಪಟ್ಟು. 0.8 ಮೈಕ್ರೊಮೀಟರ್ ವ್ಯಾಸದ ದುಂಡು ಬ್ಯಾಕ್ಟೀರಿಯಾ ಇದರೊಳಗೆ ಇಳಿಯಬಲ್ಲದೇ? ಚಿತ್ರ ಬರೆದು ನೋಡಿ, ಆಮೇಲೆ ಅಗಲವನ್ನು 0.9ಕ್ಕೆ ಏರಿಸಿ ಮತ್ತೊಮ್ಮೆ ಬರೆಯಿರಿ.