ತುಕ್ಕು ಆಮೇಲೆ, ಮೊದಲು ರಬ್ಬರ್ ನೋಡಿ

ಬಳ್ಳಾರಿ ಸೀಮೆಯಲ್ಲಿ ಹಳೆಯ ಪಿಕಪ್ ಕೊಳ್ಳಲು ಹೋದವರು ಮೊದಲು ಬಗ್ಗಿ ಗಾಡಿಯ ಅಡಿ ನೋಡುತ್ತಾರೆ. ಬೀಗದ ಕೈಯಿಂದ ಚಾಸಿ, ಅಂದರೆ ಗಾಡಿಯನ್ನು ಹೊತ್ತ ಕಬ್ಬಿಣದ ಚೌಕಟ್ಟು, ಕೆರೆಯುತ್ತಾರೆ. ತುಕ್ಕು ಉದುರದಿದ್ದರೆ ಮುಖ ಅರಳುತ್ತದೆ. "ಕಬ್ಣ ಗಟ್ಟಿ ಐತಿ, ಹುಡುಗ ಕಲಿಯಾಕ ಇಷ್ಟ್ ಸಾಕು" ಅನ್ನುವಲ್ಲಿಗೆ ವ್ಯಾಪಾರ ಕುದುರುತ್ತದೆ. ಮಗನಿಗೆ ಈಗಷ್ಟೇ ಹದಿನೆಂಟು ತುಂಬಿದೆ, ಹೊಸ ಗಾಡಿಗೆ ದುಡ್ಡು ಹಾಕಲು ಅಪ್ಪನಿಗೆ ಮನಸ್ಸಿಲ್ಲ. ಹೀಗೆ ಗುಜರಿಗೆ ಹೋಗಬೇಕಿದ್ದ ಜೀಪ್ ಪಿಕಪ್ ಒಂದು ಮನೆ ಮುಂದೆ ಬಂದು ನಿಲ್ಲುತ್ತದೆ.

ಹಳೆಯ ಗಾಡಿ ತರುವುದರ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಆ ಬೀಗದ ಕೈ ಪರೀಕ್ಷೆಯ ಬಗ್ಗೆ. ಅದು ಕರಾವಳಿಗೆ ಸರಿ. ನಮ್ಮ ಬಿಸಿಲು ಕಬ್ಬಿಣವನ್ನು ಉಳಿಸುತ್ತದೆ, ರಬ್ಬರನ್ನು ತಿನ್ನುತ್ತದೆ.

ತುಕ್ಕು ಹಿಡಿಯಲು ನೀರೂ ಬೇಕು, ಆಮ್ಲಜನಕವೂ ಬೇಕು. ಕಣ್ಣಿಗೆ ಕಾಣದಷ್ಟು ತೆಳ್ಳಗಿನ ನೀರಿನ ಪದರ ಇದ್ದರೂ ಆಯಿತು. ಒಂದು ಕಡೆ ಕಬ್ಬಿಣ ತನ್ನ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುತ್ತದೆ, ಪಕ್ಕದಲ್ಲೇ ಆಮ್ಲಜನಕ ಆ ಎಲೆಕ್ಟ್ರಾನ್ ಹಿಡಿದುಕೊಳ್ಳುತ್ತದೆ. ಗಾಳಿಯ ತೇವ ಸುಮಾರು ಶೇ. 60ಕ್ಕಿಂತ ಕಡಿಮೆ ಇದ್ದರೆ ಈ ಪದರ ಸರಿಯಾಗಿ ಕೂರುವುದಿಲ್ಲ, ತುಕ್ಕು ಬಹಳ ನಿಧಾನವಾಗುತ್ತದೆ. ಮಂಗಳೂರಿನಲ್ಲಿ ತೇವವೂ ಜಾಸ್ತಿ, ಗಾಳಿಯಲ್ಲಿ ಸಮುದ್ರದ ಉಪ್ಪೂ ಇದೆ. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದರಿಂದ ತುಕ್ಕಿಗೆ ವೇಗ ಸಿಗುತ್ತದೆ. ಬಳ್ಳಾರಿಯಲ್ಲಿ ವರ್ಷದ ಬಹುಪಾಲು ದಿನ ಇವೆರಡೂ ಇಲ್ಲ. ಮೂವತ್ತು ವರ್ಷದ ಚಾಸಿ ಇಲ್ಲಿ ಗಟ್ಟಿಯಾಗಿ ಉಳಿದಿದ್ದರೆ ಅದರಲ್ಲಿ ಹಳೆಯ ಮಾಲೀಕನ ಹೆಚ್ಚುಗಾರಿಕೆ ಏನೂ ಇರಬೇಕಿಲ್ಲ.

ಆದರೂ ಎರಡು ಕಡೆ ಮೋಸ ಹೋಗಬಹುದು. ಸಂಡೂರು ಕಡೆ ಓಡಿದ ಗಾಡಿಯ ಅಡಿ ಪೂರ್ತಿ ಕೆಂಪಗಿರುತ್ತದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವವರೆಗೆ ಅದಿರಿನ ಲಾರಿಗಳ ಹಿಂದೆ ಓಡಿದ ಗಾಡಿಗಳನ್ನಂತೂ ಕೇಳಲೇಬೇಡಿ. ಅದು ಹೆಮಟೈಟ್, ಅಂದರೆ ಕಬ್ಬಿಣದ ಅದಿರಿನ ಧೂಳು. ಅದೂ ತುಕ್ಕೂ ಎರಡೂ ಕಬ್ಬಿಣದ ಆಕ್ಸೈಡುಗಳೇ, ಬಣ್ಣ ನೋಡಿ ಬೇರೆ ಮಾಡುವುದು ಕಷ್ಟ. ನೀರು ಹೊಡೆದು ತೊಳೆದ ಮೇಲೇ ತೀರ್ಮಾನಕ್ಕೆ ಬನ್ನಿ.

ಇನ್ನೊಂದು, ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ಗದ್ದೆ ಕಡೆಯಿಂದ ಬಂದ ಪಿಕಪ್. ಅದು ಗೊಬ್ಬರ ಹೊತ್ತಿರುತ್ತದೆ. ಪೊಟ್ಯಾಷ್ ಗೊಬ್ಬರ ಅಂದರೆ ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಉಪ್ಪೇ. ಚೀಲದಿಂದ ಸೋರಿದ ಪುಡಿ ಹಿಂದಿನ ಡಬ್ಬಿಯ ಸಂದಿಗಳಲ್ಲಿ ಕೂತಿರುತ್ತದೆ, ಒಂದು ಮಳೆ ಬಿದ್ದರೆ ಕೆಲಸ ಶುರು ಮಾಡುತ್ತದೆ. ಸಮುದ್ರವೇ ಇಲ್ಲದ ಊರಿನಲ್ಲಿ ಕರಾವಳಿಯ ತುಕ್ಕು! ಡಬ್ಬಿಯ ತಳ ಮತ್ತು ಅದು ಕೂತಿರುವ ಅಡ್ಡಪಟ್ಟಿಗಳನ್ನು ಸುತ್ತಿಗೆಯಿಂದ ಬಡಿದು ನೋಡಿ. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತದೆ, ಕೊಳೆತ ಕಡೆ ಸದ್ದು ಸತ್ತಿರುತ್ತದೆ. ತುಕ್ಕು ಕೆರೆದ ಮೇಲೆ ಹಚ್ಚುವ ರೆಡ್ ಆಕ್ಸೈಡ್‌ನ ಕೆಂಪು ಯಾವುದು ಗೊತ್ತಾ? ಅದೂ ಕಬ್ಬಿಣದ ಆಕ್ಸೈಡೇ. ಆಗಲೇ ಆಕ್ಸೈಡ್ ಆಗಿರುವ ಪುಡಿ ಇನ್ನು ತುಕ್ಕು ಹಿಡಿಯುವುದಿಲ್ಲ. ಬಣ್ಣದ ಜೊತೆ ಸೇರಿ ಕಬ್ಬಿಣಕ್ಕೂ ಗಾಳಿಗೂ ನಡುವೆ ಅಡ್ಡ ಕೂರುತ್ತದೆ, ಅಷ್ಟೇ.

ಈಗ ರಬ್ಬರ್. ಅದರ ಉದ್ದುದ್ದ ಅಣುಸರಪಳಿಯಲ್ಲಿ ಕಾರ್ಬನ್‌ಗಳ ನಡುವೆ ಅಲ್ಲಲ್ಲಿ ಜೋಡಿ ಬಂಧಗಳಿವೆ. ಹೊಡೆತ ಬೀಳುವುದು ಅಲ್ಲಿಗೇ. ವಾಹನಗಳ ಹೊಗೆಯ ಮೇಲೆ ಬಿಸಿಲು ಬಿದ್ದಾಗ ನೆಲದ ಹತ್ತಿರವೇ ಓಝೋನ್ ಹುಟ್ಟುತ್ತದೆ. ಅದು ಈ ಬಂಧಗಳನ್ನು ಕತ್ತರಿಸುತ್ತದೆ. ಬಿಗಿಯಾಗಿ ಎಳೆದು ನಿಂತ ರಬ್ಬರ್ ಮೇಲೆ ಅಡ್ಡಡ್ಡ ಬಿರುಕು ಬೀಳುವುದು ಇದರಿಂದ. ಜೊತೆಗೆ ಶಾಖ. ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬುದು ಒರಟು ಲೆಕ್ಕ. ಬೇಸಿಗೆಯಲ್ಲಿ ರಾಯಚೂರು, ಬಳ್ಳಾರಿಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಬಾನೆಟ್ ಒಳಗಿನ ಹೋಸ್ ಪೈಪಿನ ಗತಿ ನೀವೇ ಊಹಿಸಿ.

ಟೈರ್ ಕಂಪನಿಗಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಟೈರ್ ಕಪ್ಪಗಿರುವುದು ಅದರಲ್ಲಿ ಬೆರೆಸಿದ ಕಾರ್ಬನ್ ಮಸಿಯಿಂದ. ಅದು ರಬ್ಬರಿಗೆ ಬಲ ಕೊಡುತ್ತದೆ, ನೇರಳಾತೀತ ಕಿರಣವನ್ನೂ ಹೀರಿಕೊಳ್ಳುತ್ತದೆ. ಓಝೋನ್ ತಡೆಯುವ ಮೇಣ ಮತ್ತು ಬೇರೆ ರಾಸಾಯನಿಕಗಳನ್ನೂ ಸೇರಿಸಿರುತ್ತಾರೆ. ಅವು ಮೇಲ್ಮೈಗೆ ಬಂದು ಪದರವಾಗಿ ಕೂರಲು ಟೈರ್ ಉರುಳುತ್ತಾ ಬಾಗುತ್ತಾ ಇರಬೇಕು. ಹಾಗಾಗಿ ಓಡದೆ ನಿಂತ ಗಾಡಿಯ ಟೈರ್ ಬೇಗ ಹಾಳಾಗುತ್ತದೆ. ಟೈರಿನ ಮೇಲಿನ ಅಚ್ಚು ಸವೆದಿಲ್ಲ ಅಂತ ಸುಮ್ನೆ ಖುಷಿಪಡಬೇಡಿ. ಟೈರಿನ ಪಕ್ಕದಲ್ಲಿ ಒತ್ತಿರುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2316 ಎಂದಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು.

ಟೈರಾದರೂ ಕಣ್ಣಿಗೆ ಕಾಣುತ್ತದೆ. ಬ್ರೇಕಿನ ರಬ್ಬರ್ ಕಾಣುವುದಿಲ್ಲ, ಅದೇ ಅಪಾಯ. ಚಾಸಿಯಿಂದ ಚಕ್ರಕ್ಕೆ ಹೋಗುವ ಬ್ರೇಕ್ ಹೋಸ್ ಹೊರಗೆ ಚೆನ್ನಾಗಿಯೇ ಇದ್ದು ಒಳಗೆ ಊದಿಕೊಂಡಿರಬಹುದು. ಆಗ ಪೆಡಲ್ ಒತ್ತಿದರೆ ಬ್ರೇಕ್ ಆಯಿಲ್ ಚಕ್ರದ ಕಡೆ ಹೋಗುತ್ತದೆ, ಕಾಲು ತೆಗೆದರೆ ವಾಪಸ್ ಬರುವುದಿಲ್ಲ. ಒಂದು ಚಕ್ರ ಹಿಡಿದುಕೊಂಡೇ ಇರುತ್ತದೆ, ಗಾಡಿ ಒಂದು ಬದಿಗೆ ಎಳೆಯುತ್ತದೆ. ಬ್ರೇಕ್ ಸಿಲಿಂಡರ್ ಒಳಗಿನ ರಬ್ಬರ್ ವಾಷರ್‌ಗಳದ್ದು ಬೇರೆ ಕಥೆ. ಅವುಗಳಿಗೆ ಗ್ಲೈಕಾಲ್ ಜಾತಿಯ ಬ್ರೇಕ್ ಆಯಿಲ್ ಮಾತ್ರ ಆಗುತ್ತದೆ. ಎಂಜಿನ್ ಆಯಿಲ್ ಸ್ವಲ್ಪ ಬಿದ್ದರೂ ಊದಿಕೊಂಡು ಮೆತ್ತಗಾಗುತ್ತವೆ. ಬಹಳ ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಸೇರಿ ಒಂದೇ ಬ್ರೇಕ್ ಲೈನ್ ಇರುತ್ತಿತ್ತು. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ ಬೇರೆ ಲೈನ್ ಇರುವ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ) ಹಾಕಿಸುವುದು ಬಣ್ಣ ಹೊಡೆಸುವುದಕ್ಕಿಂತ ಮೊದಲು ಆಗಬೇಕಾದ ಖರ್ಚು.

ಬ್ರೇಕ್ ಮಾಡುವ ಕೆಲಸ ಎಷ್ಟು ದೊಡ್ಡದು ನೋಡಿ. ಜನ ಸೇರಿ 1500 ಕೆ.ಜಿ. ತೂಗುವ ಗಾಡಿ ಗಂಟೆಗೆ 60 ಕಿ.ಮೀ. ವೇಗದಿಂದ ನಿಲ್ಲುವಾಗ ಸುಮಾರು 208 ಕಿಲೋಜೂಲ್ ಶಕ್ತಿ ಶಾಖವಾಗಬೇಕು. 30 ಡಿಗ್ರಿಯ 700 ಮಿ.ಲೀ. ನೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಇದು ಒಂದೇ ಒಂದು ಸಲ ನಿಂತದ್ದಕ್ಕೆ. 80ರಲ್ಲಿ ಹೋಗುತ್ತಿದ್ದರೆ 370 ಕಿಲೋಜೂಲ್. ಹಿಂದೆ ಲೋಡ್ ಇದ್ದು ಸಂಡೂರಿನ ಇಳಿಜಾರಿನಲ್ಲಿ ಪದೇ ಪದೇ ಬ್ರೇಕ್ ಒತ್ತಿದರೆ ಈ ಶಾಖದ ಒಂದು ಪಾಲು ಚಕ್ರದ ಬ್ರೇಕ್ ಡ್ರಮ್ ದಾಟಿ ಬ್ರೇಕ್ ಆಯಿಲ್ ತಲುಪುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯದೆ ತಡೆಯಬೇಕು. ಆದರೆ ಅದು ಗಾಳಿಯ ತೇವ ಹೀರುವ ವಸ್ತು. ಶೇ. 3.7ರಷ್ಟು ನೀರು ಸೇರಿದಾಗ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ನಮ್ಮ ಒಣಹವೆಯಲ್ಲಿ ನೀರು ನಿಧಾನವಾಗಿ ಸೇರುತ್ತದೆ ನಿಜ, ಆದರೆ ಹತ್ತು ವರ್ಷ ಬದಲಿಸದ ಆಯಿಲ್‌ಗೆ ಆ ರಿಯಾಯಿತಿ ಎಷ್ಟು ದಿನ? ಕುದಿದು ಆವಿಯಾದರೆ ಪೆಡಲ್ ಆವಿಯನ್ನಷ್ಟೇ ಅದುಮುತ್ತದೆ, ಕಾಲು ನೆಲಕ್ಕೆ ತಾಗುತ್ತದೆ. ಅಂದಹಾಗೆ, ಹಳೆಯ ಬ್ರೇಕ್ ಲೈನರ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಜಾಸ್ತಿ. ಡ್ರಮ್ ಬಿಚ್ಚಿ ಗಾಳಿ ಹೊಡೆದು ಧೂಳು ಹಾರಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಗ್ಯಾರೇಜಿನ ಹುಡುಗರ ಶ್ವಾಸಕೋಶಕ್ಕೂ ಬೆಲೆ ಇದೆ ಅಲ್ವಾ?

ಎಂಜಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಪ್ಪ, ಮಗ, ಮೇಸ್ತ್ರಿ ಮೂವರೂ ಹೇಗಿದ್ದರೂ ಅದರ ಹಿಂದೆಯೇ ಬಿದ್ದಿರುತ್ತಾರೆ. ಜೀಪುಗಳಲ್ಲಿ ಬರುತ್ತಿದ್ದ 2112 ಸಿಸಿಯ ಪೆಜೊ ಡೀಸೆಲ್ ಎಂಜಿನ್ನಿನ ಕೆಲಸ ಬಲ್ಲವರು ಇನ್ನೂ ಸಿಗುತ್ತಾರೆ. ನಮ್ಮ ನೆಲಕ್ಕೆ ಸೇರಿದ ಎರಡು ಮಾತು ಮಾತ್ರ ಹೇಳುತ್ತೇನೆ. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಬೇಡಿ. ಗಡಸು ನೀರು ಕಾದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಒಳಗೆ ಪೊರೆಯಾಗಿ ಕೂರುತ್ತದೆ. ರೇಡಿಯೇಟರಿನ ತಾಮ್ರ ಈ ಪೊರೆಗಿಂತ ನೂರು ಪಟ್ಟಿಗೂ ಜಾಸ್ತಿ ಚೆನ್ನಾಗಿ ಶಾಖ ಸಾಗಿಸುತ್ತದೆ. ತೆಳ್ಳಗಿನ ಪೊರೆಯೂ ಮೇ ತಿಂಗಳಲ್ಲಿ ಎಂಜಿನ್ ಕುದಿಸಲು ಸಾಕು. ಎರಡನೆಯದು ಏರ್ ಫಿಲ್ಟರ್. ಹೆಮಟೈಟ್ ಧೂಳು ಗಾಜನ್ನು ಗೀರುವಷ್ಟು ಗಡಸು. ಕಬ್ಬಿಣದ ಆಕ್ಸೈಡಿನ ನುಣ್ಣಗಿನ ಪುಡಿಯನ್ನು ಚಿನ್ನ, ಬೆಳ್ಳಿಗೆ ಹೊಳಪು ಕೊಡಲು ಬಳಸುತ್ತಾರೆ. ಅದೇ ಪುಡಿ ಪಿಸ್ಟನ್ ಪಕ್ಕ ಇಳಿದರೆ ರಿಂಗುಗಳನ್ನು ಉಜ್ಜುತ್ತಾ ಕೂರುತ್ತದೆ. ಹಳೆಯ ಆಯಿಲ್ ಬಾತ್ ಫಿಲ್ಟರಿನಲ್ಲಿ ಗಾಳಿ ಥಟ್ಟನೆ ತಿರುಗುವಾಗ ಭಾರದ ಧೂಳು ತಿರುಗಲಾರದೆ ಎಣ್ಣೆಗೆ ಬೀಳುತ್ತದೆ. ಎಣ್ಣೆ ಕೆಸರಾದ ಮೇಲೆ ಅದರಿಂದ ಏನೂ ಪ್ರಯೋಜನವಿಲ್ಲ.

"ಹಳೇ ಗಾಡಿ ದಪ್ಪ ಕಬ್ಬಿಣ, ಡಿಕ್ಕಿ ಹೊಡೆದರೂ ಏನೂ ಆಗಲ್ಲ" ಎಂಬ ನಂಬಿಕೆಯೂ ಬೀಗದ ಕೈ ಪರೀಕ್ಷೆಯ ತಮ್ಮನೇ. ಅಮೆರಿಕದ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ ಸಂಸ್ಥೆ 2009ರಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿತು. 1959ರ ಷೆವರ್ಲೆ ಬೆಲ್ ಏರ್ ಮತ್ತು 2009ರ ಷೆವರ್ಲೆ ಮಾಲಿಬು ಕಾರುಗಳನ್ನು ಗಂಟೆಗೆ ಸುಮಾರು 64 ಕಿ.ಮೀ. ವೇಗದಲ್ಲಿ ಎದುರುಬದುರು ಡಿಕ್ಕಿ ಹೊಡೆಸಿತು. ದಪ್ಪ ಕಬ್ಬಿಣದ ಬೆಲ್ ಏರ್‌ನಲ್ಲಿ ಚಾಲಕ ಕೂರುವ ಜಾಗವೇ ಜಜ್ಜಿಹೋಯಿತು. ಮಾಲಿಬುವಿನ ಮೂತಿ ಮಡಚಿಕೊಂಡು ಹೊಡೆತ ನುಂಗಿತು, ಒಳಗಿನ ಜಾಗ ಉಳಿಯಿತು. ಹಳೆಯ ಪಿಕಪ್‌ಗೆ ಅಂಥ ಮೂತಿಯನ್ನು ಯಾವ ಗ್ಯಾರೇಜೂ ಜೋಡಿಸಿಕೊಡಲಾರದು. ಸೀಟ್ ಬೆಲ್ಟ್ ಮಾತ್ರ ಹಾಕಿಸಬಹುದು. ಅದನ್ನು ತೆಳು ತಗಡಿಗೆ ಬಿಗಿಯದೆ, ಅಡಿಯಲ್ಲಿ ದಪ್ಪ ಪ್ಲೇಟ್ ಕೊಟ್ಟು ಬೋಲ್ಟ್ ಹಾಕಿಸಿ. ವೇಗವನ್ನೂ ಹುಡುಗನ ಜೊತೆ ಕೂತು ಮೊದಲೇ ಮಾತಾಡಿಕೊಳ್ಳಿ.

ಕೊನೆಗೆ ಆರ್‌ಸಿ. ಹದಿನೆಂಟು ತುಂಬದವರು ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂ. ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದು ಬಹುತೇಕರಿಗೆ ಗೊತ್ತು. ಆದರೆ ಪಿಕಪ್ ಸರಕು ಸಾಗಣೆ ವಾಹನವಾಗಿ, ಅಂದರೆ ಹಳದಿ ಬೋರ್ಡಿನಲ್ಲಿ ನೋಂದಣಿಯಾಗಿದ್ದರೆ ಅದನ್ನು ರಸ್ತೆಯಲ್ಲಿ ಓಡಿಸಲು 20 ತುಂಬಿರಬೇಕು ಎನ್ನುವುದು ಎಷ್ಟೋ ಮನೆಗಳಲ್ಲಿ ಗಾಡಿ ಕೊಂಡ ಮೇಲೆ ತಿಳಿಯುತ್ತದೆ. ನಿಮ್ಮದೂ ಹಳದಿ ಬೋರ್ಡ್ ಆಗಿದ್ದು ಹುಡುಗನಿಗೆ ಹದಿನೆಂಟೇ ಆಗಿದ್ದರೆ ಬ್ರೇಕು, ಚಾಸಿ, ರೇಡಿಯೇಟರ್ ಕೆಲಸವನ್ನೆಲ್ಲ ಆರಾಮಾಗಿ ಕಲಿಯುತ್ತಾ ಮಾಡಲಿ, ಎರಡು ವರ್ಷ ಟೈಮ್ ಇದೆ. ಹೊಸ ಟೈರ್ ಮಾತ್ರ ಈಗಲೇ ತರಬೇಡಿ. ನಿಂತಲ್ಲೇ ಬಿಸಿಲಿಗೆ ಹಳೆಯದಾಗುತ್ತವೆ.