ಹೆಡ್‌ಫೋನಿಗೂ ಒಂದು ಗ್ಯಾಸ್ಕೆಟ್ ಇದೆ

ಪತ್ತನಾಜೆ ಕಳೆದು, ಅಂದರೆ ಮೇ ಕೊನೆಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆ ತಾಳಮದ್ದಳೆಯ ಕಾಲ. ವೇಷ, ಕುಣಿತ ಇಲ್ಲದೆ ಕುಳಿತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಮಳೆಗಾಲದ ಸಂಜೆ ಯಾರದಾದರೂ ಮನೆಯ ಚಾವಡಿಯಲ್ಲೋ ದೇವಸ್ಥಾನದ ಸಭಾಭವನದಲ್ಲೋ ಕೂಟ ಸೇರುತ್ತದೆ. ನಾನು ಎರಡು ಮೈಕ್ ಇಟ್ಟು ರೆಕಾರ್ಡ್ ಮಾಡಿಕೊಂಡು ಬರುತ್ತೇನೆ. ಉಡುಪಿಯ ಮನೆಯಲ್ಲಿ ಕುಳಿತು, ಹೆಡ್‌ಫೋನ್ ಹಾಕಿ, ಕೆಮ್ಮು, ಕುರ್ಚಿ ಎಳೆದ ಸದ್ದು ಎಲ್ಲ ತೆಗೆದು, ಏರುತಗ್ಗು ಸರಿಮಾಡಿ ಕಲಾವಿದರಿಗೆ ಕಳಿಸುತ್ತೇನೆ.

ಕಳೆದ ಆಟಿ ತಿಂಗಳಲ್ಲಿ ಹಾಗೆ ಮೂರು ಕೂಟ ಕಳಿಸಿದ ಮೇಲೆ, ಮದ್ದಳೆ ಬಾರಿಸಿದ ಹಿರಿಯರು ಫೋನ್ ಮಾಡಿದರು. “ಎಂತ ಮಾರಾಯ, ನನ್ನ ಮದ್ದಳೆಗೆ ನೀನು ಎಂತ ಮಾಡಿದ್ದು? ಗುಂಯ್ ಗುಂಯ್ ಅಂತದೆ. ಭಾಗವತರ ಸ್ವರವೇ ಮುಳುಗಿ ಹೋಗಿದೆ.” ಭಾಗವತರೆಂದರೆ ಕೂಟದ ಹಾಡುಗಾರರು. ನನ್ನ ಹೆಡ್‌ಫೋನಿನಲ್ಲಿ ಮತ್ತೆ ಕೇಳಿದೆ, ಸರಿಯಾಗಿಯೇ ಇತ್ತು. ಪಕ್ಕದ ಮನೆಯವರ ದೊಡ್ಡ ಸ್ಪೀಕರಿನಲ್ಲಿ ಹಾಕಿಸಿ ಕೇಳಿದೆ. ಅವರು ಹೇಳಿದ್ದು ನಿಜ.

ತಪ್ಪು ಸಿಕ್ಕಿದ್ದು ಹೆಡ್‌ಫೋನನ್ನು ಬೆಳಕಿಗೆ ಹಿಡಿದಾಗ. ಎಡಗಿವಿಯ ಪ್ಯಾಡು ದವಡೆಯ ಬಳಿ ಹರಿದು, ಒಳಗಿನ ಸ್ಪಂಜು ಕುಸಿದು, ಕಿರುಬೆರಳ ತುದಿ ತೂರುವಷ್ಟು ಸಂದು ಆಗಿತ್ತು. ಆ ಸಂದಿನಿಂದ ಮದ್ದಳೆಯ ತಗ್ಗಿನ ನಾದ ಸೋರಿಹೋಗುತ್ತಿತ್ತು. ಮದ್ದಳೆ ಸಣ್ಣ ಕೇಳುತ್ತದಲ್ಲ ಎಂದು ನಾನು ಬೇಸನ್ನು, ಅಂದರೆ ಆ ತಗ್ಗಿನ ನಾದವನ್ನು, 6 ಡೆಸಿಬೆಲ್ ಏರಿಸಿದ್ದೆ. ಎಂದರೆ ಒತ್ತಡದ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು.

ಹೆಡ್‌ಫೋನ್ ಕೊಳ್ಳುವವರು ಮೂರು ವಿಷಯ ಕೇಳುತ್ತಾರೆ. ಹಾಕಿಕೊಂಡರೆ ಹಿತವಾಗಿರುತ್ತದೆಯೇ, ಸ್ವರ ಚೆನ್ನಾಗಿದೆಯೇ, ಹೊರಗಿನ ಗದ್ದಲ ತಡೆಯುತ್ತದೆಯೇ ಎಂದು. ಕ್ಲೋಸ್ಡ್ ಬ್ಯಾಕ್ ಮಾದರಿಯಲ್ಲಿ, ಅಂದರೆ ಕಿವಿಯ ಬಟ್ಟಲಿನ ಬೆನ್ನು ಪೂರಾ ಮುಚ್ಚಿರುವ ಹೆಡ್‌ಫೋನಿನಲ್ಲಿ, ಈ ಮೂರೂ ಬಂದು ನಿಲ್ಲುವುದು ಒಂದೇ ಜಾಗದಲ್ಲಿ: ಪ್ಯಾಡು ಚರ್ಮಕ್ಕೆ ಕೂರುವ ಆ ಒಂದು ಸುತ್ತಿನಲ್ಲಿ.

ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಏನಾಗುತ್ತದೆ ಎಂಬುದು ಅಡುಗೆ ಮಾಡುವ ಎಲ್ಲರಿಗೂ ಗೊತ್ತು. ಒಲೆ ಅದೇ, ನೀರು ಅದೇ, ಆದರೆ ಒತ್ತಡ ನಿಲ್ಲುವುದಿಲ್ಲ, ಸೀಟಿ ಬರುವುದಿಲ್ಲ. ಹೆಡ್‌ಫೋನಿನ ಒಳಗಿರುವುದು ಸಾಧಾರಣವಾಗಿ 40 ಮಿಲಿಮೀಟರ್ ಅಗಲದ ತೆಳು ಪೊರೆ. ಅಷ್ಟು ಸಣ್ಣ ಪೊರೆ ಬಯಲಿನಲ್ಲಿ ತಗ್ಗಿನ ಸ್ವರ ಹುಟ್ಟಿಸಲಾರದು. ಹೆಡ್‌ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ನೋಡಿ, ಚಿಂಯ್ ಚಿಂಯ್ ಎಂಬುದಷ್ಟೇ ಉಳಿಯುತ್ತದೆ. ಕಿವಿಗೆ ಮುಚ್ಚಿದಾಗ ಅದು ಒಳಗಿನ ಹಿಡಿಯಷ್ಟು ಗಾಳಿಯನ್ನು ಒತ್ತಿ ಎಳೆದು ಮಾಡುತ್ತದೆ, ಆ ಒತ್ತಡದ ಏರಿಳಿತವೇ ಕಿವಿಯ ತಮಟೆಗೆ ತಲುಪುತ್ತದೆ. ಸೆಕೆಂಡಿಗೆ 100 ಸಲ ಕಂಪಿಸುವ ತಗ್ಗಿನ ಸ್ವರದಲ್ಲಿ ಪೊರೆಯ ಚಲನೆ ನಿಧಾನ. ಸಂದು ಇದ್ದರೆ ಒತ್ತಡ ಕೂಡುವಷ್ಟರಲ್ಲಿ ಗಾಳಿ ಹೊರಗೆ ಹೋಗಿರುತ್ತದೆ. 3,000 ಸಲ ಕಂಪಿಸುವ ಚಕ್ರತಾಳದ ಝಣಕಾರಕ್ಕೆ ಆ ಪುರುಸೊತ್ತು ಇಲ್ಲ, ಅದು ಹಾಗೆಯೇ ಕೇಳುತ್ತದೆ. ಹಾಗಾಗಿಯೇ ಪ್ಯಾಡು ಹರಿದ ಹೆಡ್‌ಫೋನ್ ಕೆಟ್ಟಿದೆ ಎಂದು ಅನ್ನಿಸುವುದಿಲ್ಲ, ರೆಕಾರ್ಡಿಂಗೇ ತೆಳುವಾಗಿದೆ ಎಂದು ಅನ್ನಿಸುತ್ತದೆ. ನಾನು ಮೋಸಹೋದದ್ದು ಅಲ್ಲೇ.

ಕನ್ನಡಕ ಹಾಕುವವರಿಗೆ ಈ ಸಂದು ದಿನನಿತ್ಯದ್ದು. ಕನ್ನಡಕದ ಕಡ್ಡಿ ಪ್ಯಾಡನ್ನು ಚೂರು ಎತ್ತಿ ಹಿಡಿಯುತ್ತದೆ. ಮೃದುವಾದ, ದಪ್ಪ ಪ್ಯಾಡು ಕಡ್ಡಿಯ ಸುತ್ತ ಮಡಿಸಿಕೊಂಡು ಕೂರುತ್ತದೆ, ಗಟ್ಟಿ ಪ್ಯಾಡು ಕೂರುವುದಿಲ್ಲ. ಪರೀಕ್ಷೆ ಸುಲಭ. ಮದ್ದಳೆಯೋ ಮೃದಂಗವೋ ಇರುವ ಹಾಡು ಹಾಕಿ, ಎರಡು ಅಂಗೈಯಿಂದ ಬಟ್ಟಲುಗಳನ್ನು ಮೆಲ್ಲಗೆ ಒತ್ತಿ. ಬೇಸ್ ಎದ್ದು ಜಾಸ್ತಿಯಾಯಿತೆಂದರೆ ನಿಮ್ಮ ತಲೆಗೆ ಅದು ಸರಿಯಾಗಿ ಕೂತಿಲ್ಲ. ಬೆಲೆ ಎಷ್ಟೇ ಇರಲಿ, ಆ ಹೆಡ್‌ಫೋನಿನ ನಿಜವಾದ ಸ್ವರ ನಿಮಗೆ ಸಿಗುವುದಿಲ್ಲ.

ಇನ್ನು ಹೊರಗಿನ ಗದ್ದಲ. ನನ್ನಂಥವರಿಗೆ ಇದು ಶೋಕಿಯ ಮಾತಲ್ಲ. ಹಂಚಿನ ಮಾಡಿನ ಮೇಲೆ ಮಳೆ ಸುರಿಯುವಾಗ ಹೆಡ್‌ಫೋನಿನಲ್ಲಿ ಸರ್ರೆಂಬ ಸದ್ದು ಕೇಳಿದರೆ, ಅದು ರೆಕಾರ್ಡಿಂಗಿನ ಒಳಗಿನ ಮಳೆಯೋ ನನ್ನ ತಲೆಯ ಮೇಲಿನ ಮಳೆಯೋ ಗೊತ್ತಾಗಬೇಕು. ಅದೃಷ್ಟಕ್ಕೆ ಮಳೆಯ ಸದ್ದಿನಲ್ಲಿ ಏರುಸ್ವರಗಳೇ ಹೆಚ್ಚು. 1,000 ಹರ್ಟ್ಸ್, ಅಂದರೆ ಸೆಕೆಂಡಿಗೆ 1,000 ಸಲ ಕಂಪಿಸುವ ಸದ್ದಿನ ಅಲೆಯ ಉದ್ದ ಸುಮಾರು 34 ಸೆಂಟಿಮೀಟರ್. ಅದಕ್ಕಿಂತ ಮೇಲಿನ ಸದ್ದುಗಳಿಗೆ ಪ್ಲಾಸ್ಟಿಕ್ ಬಟ್ಟಲೂ ಪ್ಯಾಡೂ ಚೆನ್ನಾಗಿ ಅಡ್ಡ ನಿಲ್ಲುತ್ತವೆ. ಮಿಕ್ಸಿಯ ಕಿರುಚಾಟ, ಪಾತ್ರೆ ಸದ್ದು, ಅಮ್ಮ ಒಳಗಿನಿಂದ ಕರೆಯುವುದು ಎಲ್ಲ ದೂರ ಹೋಗುತ್ತವೆ. (“ಕರೆದದ್ದು ಕೇಳ್ಲಿಲ್ವಾ?” ಎಂದು ಅವರು ಬಾಗಿಲಲ್ಲಿ ನಿಂತಾಗಲೇ ನನಗೆ ಗೊತ್ತಾಗುವುದು.)

ಆದರೆ ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಅದೇ ಹೆಡ್‌ಫೋನ್ ಹಾಕಿ ಕುಳಿತರೆ ನಿರಾಸೆಯಾಗುತ್ತದೆ. ಕಂಡಕ್ಟರರ ಸೀಟಿ ಕುಗ್ಗುತ್ತದೆ, ಎಂಜಿನ್ನಿನ ಮೊರೆತ ಮಾತ್ರ ಹಾಗೇ ಇರುತ್ತದೆ. 100 ಹರ್ಟ್ಸ್‌ನ ಅಲೆಯ ಉದ್ದ ಸುಮಾರು ಮೂರೂವರೆ ಮೀಟರ್. ಅದರ ಒತ್ತಡಕ್ಕೆ ಬಟ್ಟಲು ಗೋಡೆಯಂತೆ ನಿಲ್ಲುವುದಿಲ್ಲ, ಪ್ಯಾಡೆಂಬ ಸ್ಪ್ರಿಂಗಿನ ಮೇಲೆ ಬಟ್ಟಲಿಗೆ ಬಟ್ಟಲೇ ಅಲ್ಲಾಡುತ್ತದೆ. ಅದರ ಜೊತೆಗೆ ಸಂದು ಇದ್ದರೆ ಕೇಳುವುದೇ ಬೇಡ. ತೂಕ ಹೆಚ್ಚಿಸಿದರೆ ತಡೆ ಹೆಚ್ಚುತ್ತದೆ ನಿಜ. ಅಡ್ಡಗೋಡೆಯ ತೂಕ ಎರಡು ಪಟ್ಟಾದರೆ ಸುಮಾರು 6 ಡೆಸಿಬೆಲ್ ಲಾಭ ಎನ್ನುವುದು ಶಬ್ದಶಾಸ್ತ್ರದ ಹಳೆಯ ನಿಯಮ. ತಲೆಯ ಮೇಲೆ ಎಷ್ಟು ತೂಕ ಹೊರಲಾದೀತು?

ಇಲ್ಲಿ ಉಪಯೋಗಕ್ಕೆ ಬರುವುದು ನಾಯ್ಸ್ ಕ್ಯಾನ್ಸಲಿಂಗ್. ಹೊರಗಿನ ಅಲೆ ಏರುವಾಗ ಇಳಿಯುವ ಇನ್ನೊಂದು ಅಲೆಯನ್ನು ಒಳಗೆ ಹುಟ್ಟಿಸಿ ಎರಡನ್ನೂ ಸರಿಹೊಂದಿಸಿ ಅಳಿಸುವ ಉಪಾಯ. ಜರ್ಮನಿಯ ಪಾಲ್ ಲ್ಯೂಗ್ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1930ರ ದಶಕದಲ್ಲೇ. 1978ರಲ್ಲಿ ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್ ಜ್ಯೂರಿಕ್‌ನಿಂದ ಬರುವ ವಿಮಾನದಲ್ಲಿ ಕೊಟ್ಟ ಹೆಡ್‌ಫೋನ್ ಹಾಕಿಕೊಂಡು, ಎಂಜಿನ್ ಸದ್ದಿನಲ್ಲಿ ಸಂಗೀತವೇ ಕೇಳದೆ, ಅಲ್ಲೇ ಕುಳಿತು ಲೆಕ್ಕ ಶುರುಮಾಡಿದರು. ಬೋಸ್ ಅವರ ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋದವರು. ವಿಮಾನಚಾಲಕರಿಗಾಗಿ ಬೋಸ್ ಕಂಪನಿ ಮಾಡಿದ ಹೆಡ್‌ಸೆಟ್ ಮಾರುಕಟ್ಟೆಗೆ ಬಂದಾಗ 1989 ಆಗಿತ್ತು. ಉದ್ದದ, ಒಂದೇ ಸಮನೆ ಮೊರೆಯುವ ಅಲೆಗಳನ್ನು ಅಳಿಸುವುದು ಈ ಉಪಾಯಕ್ಕೆ ಸುಲಭ, ಗಿಡ್ಡ ಅಲೆಗಳಲ್ಲಿ ಸಮಯ ಹೊಂದಿಸುವುದು ಕಷ್ಟ. ಅಂದರೆ ಮುಚ್ಚಿದ ಬಟ್ಟಲು ಎಲ್ಲಿ ಸೋಲುತ್ತದೋ ಅಲ್ಲಿ ಇದು ಗೆಲ್ಲುತ್ತದೆ. ದಿನಾ ಬಸ್ಸಿನಲ್ಲಿ ಓಡಾಡುವವರು ಧಾರಾಳವಾಗಿ ಇದನ್ನೇ ಕೊಳ್ಳಲಿ. ಎಡಿಟಿಂಗ್ ಮಾಡುವವರಿಗೆ ನಾನು ಹೇಳುವುದಿಲ್ಲ, ಒಳಗಿನ ಸರ್ಕ್ಯೂಟ್ ಸ್ವರವನ್ನೂ ಮುಟ್ಟುತ್ತದೆ.

ಬೆನ್ನು ಮುಚ್ಚಿದ್ದಕ್ಕೆ ತೆರಬೇಕಾದ ಬೆಲೆಯೂ ಇದೆ. 1968ರಲ್ಲಿ ಸೆನ್‌ಹೈಸರ್ ಕಂಪನಿ ಎಚ್‌ಡಿ 414 ಎಂಬ ಬೆನ್ನು ತೆರೆದ ಹೆಡ್‌ಫೋನ್ ತಂದಾಗ ಜನ ಬೆರಗಾದದ್ದು ಅದರ ಬಯಲಿನಂಥ ಸ್ವರಕ್ಕೆ. ಪೊರೆಯ ಹಿಂಬದಿಯಿಂದಲೂ ಮುಂಬದಿಯಷ್ಟೇ ಸದ್ದು ಹೊರಡುತ್ತದೆ. ಬೆನ್ನು ತೆರೆದಿದ್ದರೆ ಅದು ಹೊರಟುಹೋಗುತ್ತದೆ, ಮುಚ್ಚಿದ್ದರೆ ಬಟ್ಟಲಿನಲ್ಲೇ ಬಡಿದಾಡಿ ತಿರುಗಿ ಬರುತ್ತದೆ. ಒಳಗೆ ಹತ್ತಿ, ಫೋಮ್ ಇಟ್ಟು ಅದನ್ನು ಹೀರಿಸುವುದರಲ್ಲಿ ತಯಾರಕರ ಕೌಶಲ ಕಾಣುತ್ತದೆ. ಇದನ್ನು ಪರೀಕ್ಷಿಸಲು ನಮ್ಮ ಚೆಂಡೆಗಿಂತ ಒಳ್ಳೆಯ ವಾದ್ಯ ನನಗೆ ಗೊತ್ತಿಲ್ಲ. ಪೆಟ್ಟು ಬಿದ್ದ ಕೂಡಲೇ ಸ್ವರ ಚಕ್ಕನೆ ಎದ್ದು ಚಕ್ಕನೆ ನಿಲ್ಲಬೇಕು. ಪೆಟ್ಟಿನ ಬಾಲಕ್ಕೆ ಡಬ್ಬದೊಳಗಿನ ಗುನುಗು ಅಂಟಿಕೊಂಡಿದ್ದರೆ ಆ ಬಟ್ಟಲು ಸರಿಯಿಲ್ಲ. ಭಾಗವತರ ಏರುಸ್ವರ ಮೂಗಿನಿಂದ ಬಂದಂತೆ ಕೇಳಿದರೂ ಹಾಗೆಯೇ.

ಫೋನಿಗೋ ಲ್ಯಾಪ್‌ಟಾಪಿಗೋ ನೇರ ಸಿಕ್ಕಿಸುವವರು ಓಮ್ ಸಂಖ್ಯೆಯನ್ನು, ಅಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆಯನ್ನು, ಒಮ್ಮೆ ನೋಡಿಕೊಳ್ಳಿ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಎಂಬ ಒಂದೇ ಹೆಸರಿನ ಹೆಡ್‌ಫೋನ್ 32, 80, 250 ಓಮ್‌ಗಳಲ್ಲಿ ಬರುತ್ತದೆ. 250ರದ್ದನ್ನು ತಂದು ಫೋನಿಗೆ ಸಿಕ್ಕಿಸಿದರೆ ಸ್ವರ ಸಣ್ಣಗೆ ಬರುತ್ತದೆ, ಅದು ಹೆಡ್‌ಫೋನಿನ ತಪ್ಪಲ್ಲ.

ಹಿತದ ಮಾತು ನಮ್ಮ ಕರಾವಳಿಯಲ್ಲಿ ಬೇರೆಯೇ. ಕೃತಕ ಚರ್ಮದ ಪ್ಯಾಡು ಸಂದು ಬಿಡದೆ ಮುಚ್ಚುತ್ತದೆ, ಬೇಸನ್ನೂ ಗದ್ದಲವನ್ನೂ ಚೆನ್ನಾಗಿ ನೋಡಿಕೊಳ್ಳುತ್ತದೆ. ಆದರೆ ಏಪ್ರಿಲಿನ ಸೆಕೆಯಲ್ಲಿ ಅರ್ಧ ಗಂಟೆಗೆ ಕಿವಿಯ ಸುತ್ತ ಬೆವರು ಇಳಿಯುತ್ತದೆ. ಮಖಮಲ್ಲಿನಂಥ ಬಟ್ಟೆಯ ಪ್ಯಾಡಿನಲ್ಲಿ ಗಾಳಿಯಾಡುತ್ತದೆ, ಅಷ್ಟೇ ಸೋರುತ್ತದೆ. ಅದಲ್ಲದೆ ಆ ಕೃತಕ ಚರ್ಮ ಹೆಚ್ಚಾಗಿ ಪಾಲಿಯುರೆಥೇನಿನದು. ತೇವಾಂಶದ ನೀರಿನ ಕಣಗಳು ಅದರ ರಾಸಾಯನಿಕ ಸರಪಣಿಗಳನ್ನು ಒಂದೊಂದಾಗಿ ಕತ್ತರಿಸುತ್ತವೆ, ಸೆಕೆ ಮತ್ತು ಬೆವರು ಆ ಕೆಲಸಕ್ಕೆ ವೇಗ ಕೊಡುತ್ತವೆ. ಕಿವಿಯ ಹಿಂದೆ ಕಪ್ಪು ಹೊಪ್ಪಳೆ ಅಂಟಿಕೊಳ್ಳತೊಡಗಿತೆಂದರೆ ಅದರ ಆಯುಷ್ಯ ಮುಗಿಯಿತು. ಬಳಸದೆ ಕಪಾಟಿನಲ್ಲಿ ಇಟ್ಟರೂ ಅಷ್ಟೇ. ಹಾಗಾಗಿ ನನ್ನ ಮೊದಲ ಷರತ್ತು: ಪ್ಯಾಡು ಬಿಚ್ಚಿ ಬದಲಾಯಿಸಲು ಬರಬೇಕು, ಬದಲಿ ಪ್ಯಾಡು ಬಿಡಿಯಾಗಿ ಸಿಗಬೇಕು. ಇಲ್ಲದಿದ್ದರೆ ಎಷ್ಟು ಚಂದ ಕೇಳಿದರೂ ಇಲ್ಲಿಯ ಎರಡು ಮೂರು ಮಳೆಗಾಲಕ್ಕೆ ಬಾಳುವ ವಸ್ತು ಅದಲ್ಲ.

ಬಟ್ಟಲಿನ ಒಳಗೆ ಇಡೀ ಕಿವಿ ಹಿಡಿಯಬೇಕು. ದೊಡ್ಡವರ ಕಿವಿ ಸುಮಾರು 6 ಸೆಂಟಿಮೀಟರಿಗಿಂತ ಉದ್ದ ಇರುತ್ತದೆ. ಆಳವೂ ಬೇಕು. ಕಿವಿಯ ಅಂಚು ಒಳಗಿನ ಬಟ್ಟೆಗೆ ತಾಗಿದರೆ ಮೊದಲ ಹತ್ತು ನಿಮಿಷ ಗೊತ್ತಾಗುವುದಿಲ್ಲ, ಒಂದು ಗಂಟೆಯ ಮೇಲೆ ಉರಿಯುತ್ತದೆ. ಅಕ್ಕ ನನ್ನ ಹೆಡ್‌ಫೋನ್ ಕೇಳಿದಾಗಲೆಲ್ಲ ಮೊದಲು ಓಲೆ ತೆಗೆದಿಡುತ್ತಾಳೆ, ಇಲ್ಲದಿದ್ದರೆ ಓಲೆಯ ತಿರುಪು ಕಿವಿಯ ಹಿಂದೆ ಒತ್ತುತ್ತದೆ. ಹಿಡಿತ ಬಿಗಿ ಇದ್ದಷ್ಟೂ ಮುಚ್ಚುಗೆ ಒಳ್ಳೆಯದು, ಕೆನ್ನೆಲುಬಿಗೆ ನೋವೂ ಜಾಸ್ತಿ. ಈ ಎರಡರ ನಡುವೆ ನಿಮ್ಮ ತಲೆಗೆ ಒಪ್ಪುವುದು ಯಾವುದು ಎಂದು ಯಾವ ವಿಮರ್ಶೆಯೂ ಹೇಳಲಾರದು. ಮಂಗಳೂರು ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ನಾನು ಹೊಸತನ್ನು ಹಾಕಿಕೊಂಡು ನಿಂತೇ ಇದ್ದಾಗ ಅಂಗಡಿಯವರು, “ಕೂತುಕೊಳ್ಳಿ ಮಾರಾಯ್ರೆ, ಅವಸರ ಎಂತ?” ಎಂದು ಸ್ಟೂಲ್ ಕೊಟ್ಟರು. ಇಪ್ಪತ್ತು ನಿಮಿಷ ಬೇಕೇ ಬೇಕು.

ಗದ್ದಲ ತಡೆಯುವ ಹೆಡ್‌ಫೋನಿನ ಬಗ್ಗೆ ನಾನು ಇಷ್ಟು ಹಟ ಹಿಡಿಯಲು ಇನ್ನೊಂದು ಕಾರಣ ಕಿವಿಯೇ. ಸುತ್ತ ಸದ್ದಿದ್ದರೆ ಅದನ್ನು ಮೀರಿಸಲು ವಾಲ್ಯೂಮ್ ಏರಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ಬರೇ 4 ಗಂಟೆ. ಒಂದೊಂದು ಕಿವಿಯೊಳಗೆ ಸದ್ದನ್ನು ಹಿಡಿಯುವ ರೋಮಕೋಶಗಳು ಇರುವುದು ಹೆಚ್ಚೆಂದರೆ ಹದಿನಾರು ಸಾವಿರದಷ್ಟು, ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಬಸ್ಸಿನಲ್ಲಿ ಪಕ್ಕದ ಹುಡುಗನ ಹೆಡ್‌ಫೋನಿನ ಹಾಡು ನನಗೆ ಸಾಲು ಸಾಲಾಗಿ ಕೇಳುವಾಗ ನಿಜವಾಗಿ ಸಂಕಟವಾಗುತ್ತದೆ.

ನನ್ನ ಹಳೆಯ ಹೆಡ್‌ಫೋನಿಗೆ ಬದಲಿ ಪ್ಯಾಡು ಸಿಕ್ಕಿತು. ಹಳೆಯದರ ಅಂಚನ್ನು ಬಟ್ಟಲಿನ ತೋಡಿನಿಂದ ಉಗುರಿನಲ್ಲಿ ಎಬ್ಬಿಸಿ, ಹೊಸತನ್ನು ಸುತ್ತ ತೂರಿಸುತ್ತ ಬಂದೆ. ಈಗ ಕೆಲಸ ಮುಗಿದ ಮೇಲೆ ಒಣಬಟ್ಟೆಯಲ್ಲಿ ಬೆವರು ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಇಡುತ್ತೇನೆ. ಆ ಮೂರು ಕೂಟಗಳನ್ನೂ ಮತ್ತೆ ತೆರೆದು, ಏರಿಸಿದ್ದ 6 ಡೆಸಿಬೆಲ್ ಅನ್ನು ಸೊನ್ನೆಗೆ ಇಳಿಸಿ ಕಳಿಸಿದೆ. ಮರುದಿನ ಮದ್ದಳೆಯವರ ಫೋನ್ ಬಂತು: “ಹಾಂ, ಈಗ ನನ್ನ ಬೆರಳು ಕೇಳ್ತದೆ.”