ರವಿಕೆ ಸಡಿಲ, ಲಾಡಿ ಬಿಗಿ

ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ಕೊಯ್ಲು ಶುರುವಾದರೆ ಹೆಂಗಸರಿಗೆ ತಮ್ಮ ಹೊಟ್ಟೆ ಉಬ್ಬರದ ಬಗ್ಗೆ ಯೋಚಿಸೋಕೆ ಪುರುಸೊತ್ತು ಎಲ್ಲಿ? ಓಮದ ನೀರು ಕುಡಿಯುತ್ತಾರೆ. ಬಗ್ಗದಿದ್ದರೆ ಮೆಡಿಕಲ್ ಶಾಪಿನ ಗ್ಯಾಸ್ಟ್ರಿಕ್ ಮಾತ್ರೆ. ಬಹುಪಾಲು ಸಲ ಅದು ನಿಜಕ್ಕೂ ಗ್ಯಾಸ್ಟ್ರಿಕ್ಕೇ. ಆದರೆ ಅಂಡಾಶಯದ ಕ್ಯಾನ್ಸರ್ ಕೂಡ ಇದೇ ವೇಷದಲ್ಲಿ ಬರುತ್ತದೆ.

ಅಂಡಾಶಯ ಬಾದಾಮಿಯಷ್ಟು ಚಿಕ್ಕದು. ಕಿಬ್ಬೊಟ್ಟೆಯ ಆಳದಲ್ಲಿರುತ್ತದೆ. ಸುತ್ತ ಜಾಗ ಧಾರಾಳ, ಹಾಗಾಗಿ ಗಡ್ಡೆ ಬೆಳೆದರೂ ಬೇಗ ನೋಯುವುದಿಲ್ಲ. ಈ ಕ್ಯಾನ್ಸರಿನಲ್ಲಿ ಹೆಚ್ಚು ಕಂಡುಬರುವ ಬಗೆ ಬಹಳ ಸಲ ಹುಟ್ಟುವುದು ಪಕ್ಕದ ಅಂಡನಾಳದ ತುದಿಯಲ್ಲಿ. ಆ ತುದಿ ಹೊಟ್ಟೆಯೊಳಕ್ಕೆ ತೆರೆದೇ ಇರುತ್ತದೆ. ಅಲ್ಲಿಂದ ಉದುರಿದ ಜೀವಕೋಶಗಳು ಹೊಟ್ಟೆಯ ಒಳಪೊರೆಗೆ ಅಂಟಿಕೊಳ್ಳುತ್ತವೆ, ನೀರು ತುಂಬುತ್ತದೆ. ಕೈಕಾಲು ಸೊರಗಿ ಹೊಟ್ಟೆ ಮಾತ್ರ ದಪ್ಪವಾಗುತ್ತದೆ. ರವಿಕೆ ಸಡಿಲ, ಲಂಗದ ಲಾಡಿ ಬಿಗಿ.

ಅದಕ್ಕೂ ಮೊದಲೇ ಸುಳಿವು ಸಿಗುವುದುಂಟು. ಹೊಟ್ಟೆ ಉಬ್ಬುವುದು, ಎರಡು ತುತ್ತಿಗೇ ಸಾಕೆನಿಸುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು. ಯಾರಿಗೆ ಆಗೋದಿಲ್ಲ, ಅಲ್ವಾ? ನೋಡಬೇಕಾದ್ದು ಎಷ್ಟು ದಿನ ಎಂಬುದನ್ನು. ಈಚಿನ ಒಂದು ವರ್ಷದೊಳಗೆ ಶುರುವಾಗಿ, ತಿಂಗಳಲ್ಲಿ 12 ದಿನಕ್ಕಿಂತ ಜಾಸ್ತಿ ಕಾಡಿದರೆ ಪರೀಕ್ಷೆ ಬೇಕು ಎಂದು 2007ರಲ್ಲಿ ಅಮೆರಿಕದ ಸಂಶೋಧಕರು ಒಂದು ಅಳತೆ ಕೊಟ್ಟರು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಒಂದೊಂದು ಗೀಟು ಹಾಕಿದರಾಯಿತು. "ಆಗಾಗ ಹೊಟ್ಟೆ ಉಬ್ಬುತ್ತೆ ಡಾಕ್ಟ್ರೇ" ಎಂದರೆ ಮಾತ್ರೆ ಬರೆದು ಕಳಿಸಬಹುದು. "ಹೋದ ತಿಂಗಳು 17 ದಿನ" ಎಂದರೆ ಸ್ಕ್ಯಾನ್ ಬರೆಯದೆ ಕಳಿಸುವುದು ಕಷ್ಟ.

ಸಿಎ-125 ಎಂಬ ರಕ್ತಪರೀಕ್ಷೆಯೂ ಇದೆ. 35ಕ್ಕಿಂತ ಜಾಸ್ತಿ ಬಂದರೆ ಮುಂದೆ ನೋಡುತ್ತಾರೆ. ಆದರೆ ಗರ್ಭಕೋಶದ ಗಡ್ಡೆಗೂ ಹೊಟ್ಟೆಯ ಟಿಬಿಗೂ ಅದು ಏರುತ್ತದೆ. ಲಕ್ಷಣವೇ ಇಲ್ಲದವರು ಸುಮ್ನೆ ಮಾಡಿಸಿ ಪ್ರಯೋಜನವಿಲ್ಲ. ಬ್ರಿಟನ್ನಿನಲ್ಲಿ 2 ಲಕ್ಷ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಇಂಥ ತಪಾಸಣೆಯಿಂದ ಸಾವು ಕಡಿಮೆಯಾಗಲಿಲ್ಲ ಎಂದು 2021ರಲ್ಲಿ ತಿಳಿಯಿತು. "ನಾನು ಗರ್ಭಕೋಶ ತೆಗೆಸಿದ್ದೀನಿ, ನನಗೇನು ಬರುತ್ತೆ?" ಎನ್ನುವವರು ಅಂಡಾಶಯ ಉಳಿಸಿದ್ದಾರೋ ಇಲ್ಲವೋ ಡಿಸ್ಚಾರ್ಜ್ ಚೀಟಿಯಲ್ಲಿ ನೋಡಬೇಕು.

ಕಾಯಿಲೆ ಗೊತ್ತಾದ ಮೇಲೆ ಹಾಸನದಿಂದಲೂ ಚಿಕ್ಕಮಗಳೂರಿನಿಂದಲೂ ಅನೇಕರು ಹೋಗುವುದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ. ಆಪರೇಷನ್ ಜೊತೆಗೆ ಸಾಮಾನ್ಯವಾಗಿ ಮೂರು ವಾರಕ್ಕೊಂದರಂತೆ ಆರು ಕೀಮೋ. ಅಕ್ಕನೋ ಓರಗಿತ್ತಿಯೋ ಜೊತೆಗೆ ಹೋದರೆ ಶಕ್ತಿ ಯೋಜನೆಯ ಬಸ್ಸಿನಲ್ಲಿ ಇಬ್ಬರೂ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಜೊತೆಗಿರುವವರ ಕೆಲಸ ಫೈಲು ಹಿಡಿಯುವುದಷ್ಟೇ ಅಲ್ಲ. ಕೀಮೋದಿಂದ ಬೆರಳು ಜೋಮು ಹಿಡಿದು ಹಣ್ಣು ಕೊಯ್ಯೋಕೆ, ಹುಕ್ ಹಾಕೋಕೆ ಆಗುತ್ತಿಲ್ಲ ಎಂಬುದನ್ನು ರೋಗಿ ತಾನಾಗಿ ಹೇಳುವುದು ಅಪರೂಪ. ಹೇಳಿದರೆ ಔಷಧಿಯ ಪ್ರಮಾಣ ಬದಲಿಸಬಹುದು. ಕೀಮೋ ನಡುವೆ ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯಬಾರದು, ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು.

ಮನೆತನದಲ್ಲಿ ಈ ಕ್ಯಾನ್ಸರ್ ಇತ್ತು ಎಂಬ ಇನ್ನೊಂದು ಮಾತನ್ನು ಮನೆಗಳಲ್ಲಿ ಮುಚ್ಚಿಡುತ್ತಾರೆ, ಹೆಣ್ಣುಮಕ್ಕಳ ಮದುವೆಗೆ ತೊಡಕಾದೀತು ಎಂದು. ಬಿಆರ್‌ಸಿಎ-1 ಎಂಬ ಜೀನಿನಲ್ಲಿ ಹುಟ್ಟಿನಿಂದಲೇ ದೋಷವಿರುವ 100 ಹೆಂಗಸರಲ್ಲಿ ಸುಮಾರು 40 ಮಂದಿಗೆ ಜೀವಮಾನದಲ್ಲಿ ಈ ಕ್ಯಾನ್ಸರ್ ಬರಬಹುದು. ಮುಚ್ಚಿಟ್ಟರೆ ನಷ್ಟ ಆ ಹೆಣ್ಣುಮಕ್ಕಳಿಗೇ. ದೋಷ ಅಪ್ಪನಿಂದಲೂ ಇಳಿದು ಬರುತ್ತದೆ. ಹಾಗಾಗಿ ಡಾಕ್ಟರು ಮನೆತನದ ಕಾಯಿಲೆ ಕೇಳಿದಾಗ ಅಮ್ಮನ ಕಡೆಯವರದ್ದನ್ನಷ್ಟೇ ಅಲ್ಲ, ಸೋದರತ್ತೆಯರದ್ದನ್ನೂ ಹೇಳಿ.